ತಾಯಿಯ ರಕ್ತ, ಮಗುವಿನ ಮಿದುಳು

ಗೊಬ್ಬರ ಸಾಲದೆ ಅಡಿಕೆ ಗರಿ ಹಳದಿಯಾದರೆ ಕೂಡಲೇ ಗುರುತಿಸುವ ನಾವು, ಬಸುರಿಯ ಮುಖ ಬಿಳಿಚಿಕೊಂಡರೆ ಸಹಜವೆಂದು ಸುಮ್ಮನಿರುತ್ತೇವೆ. ಅದು ರಕ್ತಹೀನತೆ ಇರಬಹುದು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಇಳಿಯಬಾರದು. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯುವುದಕ್ಕೂ ತಾಯಿಯ ಕಬ್ಬಿಣಾಂಶವೇ ಆಧಾರ.

ಈ ವಿಷಯದಲ್ಲಿ ದುಡಿದವರು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ ಗೌಡರ. ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮೊದಲಾದವರೊಡನೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿರಕ್ತಸ್ರಾವ ನೂರಕ್ಕೆ 6.4, ನುಂಗದವರಲ್ಲಿ 12. 2021ರಲ್ಲಿ ಇವರ ತಂಡ ಇನ್ನೊಂದು ಅಧ್ಯಯನ ಆರಂಭಿಸಿತು: ರಕ್ತಹೀನ ಗರ್ಭಿಣಿಗೆ ದಿನವೂ ಮಾತ್ರೆ ಕೊಡುವ ಬದಲು ಒಂದೇ ಸಲ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟರೆ ಹೇಗೆ? ಹುಟ್ಟಿದ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಗಮನಿಸುವ ಕೆಲಸವೂ ಇದಕ್ಕೆ ಸೇರಿತು.

ಸದಸ್ಯ ಬಾಂಧವರಲ್ಲಿ ವಿನಂತಿ: ಮನೆಯ ಹೆಣ್ಣುಮಕ್ಕಳಿರಲಿ, ತೋಟದ ಆಳುಗಳಿರಲಿ, ಬಸುರಿಯಾದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ, ಆ ದಿನದ ಕೂಲಿ ಹಿಡಿಯಬೇಡಿ. ಅಲ್ಲಿ ಕಬ್ಬಿಣಾಂಶದ ಮಾತ್ರೆ ಉಚಿತ. ಕಾಫಿ ಬೆಳೆಯುವ ನಾವೇ ಇನ್ನೊಂದು ಮಾತನ್ನೂ ಹೇಳಬೇಕು: ಮಾತ್ರೆಯ ಜೊತೆಗೆ ಕಾಫಿ, ಟೀ ಬೇಡ. ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ನಿಂಬೆಹಣ್ಣಿನ ಪಾನಕದೊಡನೆ ನುಂಗಲಿ. ಕಾಫಿ ಒಂದೆರಡು ಗಂಟೆ ಕಳೆದ ಮೇಲಾಗಲಿ.