ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಓದುವುದು ಹೇಗೆ?

ಮಗು ಮನೆಯಲ್ಲಿ ಸಿದ್ಧಪಡಿಸಿದ ಚಿತ್ರವು ಶಾಲೆಯ ಕಂಪ್ಯೂಟರಿನಲ್ಲಿ ತೆರೆಯದಿದ್ದಾಗ ನಾವು ಮೊದಲು ಪೆನ್‌ಡ್ರೈವನ್ನು ದೂರುತ್ತೇವೆ, ಬಳಿಕ ಮಗುವನ್ನು. ಕಾರಣ ಬೇರೆಯೇ ಇರಬಹುದು: ಎರಡೂ ಕಡೆ ಇರುವುದು ಒಂದೇ ತಂತ್ರಾಂಶವಾದರೂ ಅದರ ಆವೃತ್ತಿ ಒಂದೇ ಅಲ್ಲ.

ಆವೃತ್ತಿ ಸಂಖ್ಯೆಯಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಚಿತ್ರರಚನೆಯ ತಂತ್ರಾಂಶವಾದ ಜಿಂಪ್‌ನ 2.8 ಆವೃತ್ತಿ 2012ರಲ್ಲಿ ಬಂದಿತು, 2.10 ಬಂದದ್ದು 2018ರಲ್ಲಿ. ಗಣಿತದಲ್ಲಿ 2.10 ಚಿಕ್ಕದು, ಇಲ್ಲಿ ಅದೇ ಹೊಸದು. ಇದನ್ನು 'ಎರಡನೆಯ ಪಾಠದ ಹತ್ತನೆಯ ಪ್ರಶ್ನೆ' ಎಂಬಂತೆ ಓದಬೇಕು. ಹೊಸ ಜಿಂಪ್‌ನ ಸೌಲಭ್ಯಗಳನ್ನು ಬಳಸಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯದೆ ಹೋಗಬಹುದು.

ಸಾಮಾನ್ಯವಾಗಿ ಮೊದಲ ಅಂಕೆ ದೊಡ್ಡ ಬದಲಾವಣೆಯನ್ನೂ ಎರಡನೆಯದು ಹೊಸ ಸೌಲಭ್ಯಗಳನ್ನೂ ಮೂರನೆಯದು ದೋಷಗಳ ತಿದ್ದುಪಡಿಯನ್ನೂ ಸೂಚಿಸುತ್ತವೆ. ಲಿಬ್ರೆಆಫೀಸ್ 7.3.2 ಮತ್ತು 7.3.7ರ ನಡುವಿನದು ತಿದ್ದುಪಡಿಗಳ ಅಂತರ ಮಾತ್ರ.

ಕೆಲವು ತಂತ್ರಾಂಶಗಳಲ್ಲಿ ಈ ಸಂಖ್ಯೆ ದಿನಾಂಕವೇ ಆಗಿರುತ್ತದೆ. ಉಬುಂಟು 22.04 ಎಂದರೆ 2022ರ ಏಪ್ರಿಲ್. ಕಾಸರಗೋಡಿನ ಶಾಲೆಗಳಿಗೂ ಪರಿಚಿತವಾದ ಕೈಟ್ ಗ್ನು/ಲಿನಕ್ಸ್ 22.04 ಇದನ್ನೇ ಆಧರಿಸಿದೆ. 2024ರಲ್ಲಿ ಲಿಬ್ರೆಆಫೀಸ್ ಕೂಡ ಈ ಕ್ರಮಕ್ಕೆ ಬಂದಿತು. ಆದುದರಿಂದ 7.6ರ ಮುಂದಿನದು 24.2, ನಡುವಿನ ಆವೃತ್ತಿಗಳಾವುವೂ ಕಳೆದುಹೋಗಿಲ್ಲ.

ದಿನಾಂಕ ತಿಳಿದರೆ ಆಯುಷ್ಯವೂ ತಿಳಿಯುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಸುರಕ್ಷತಾ ತಿದ್ದುಪಡಿಗಳು ಉಚಿತವಾಗಿ ದೊರೆಯುತ್ತವೆ. 18.04ರ ಈ ಅವಧಿ 2023ರಲ್ಲಿ ಮುಗಿಯಿತು. ಅಂತಹ ಕಂಪ್ಯೂಟರ್ ಓಡುತ್ತಿದೆಯೆಂಬ ಮಾತ್ರಕ್ಕೆ ಅಂತರಜಾಲಕ್ಕೆ ಸುರಕ್ಷಿತವೆಂದು ತಿಳಿಯಬಾರದು.

ಆವೃತ್ತಿಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ತಂತ್ರಾಂಶದ 'ಹೆಲ್ಪ್' ಪಟ್ಟಿಯಲ್ಲಿರುವ 'ಅಬೌಟ್' ಎಂಬುದನ್ನು ಒತ್ತಿದರೆ ಸಂಖ್ಯೆ ಕಾಣಿಸುತ್ತದೆ. ಉಬುಂಟುವಿನಲ್ಲಿ 'ಸೆಟ್ಟಿಂಗ್ಸ್' ಒಳಗಿನ 'ಅಬೌಟ್' ಪುಟವನ್ನು ನೋಡಬೇಕು. ನೋಟುಪುಸ್ತಕದ ಒಂದು ಹಾಳೆಯಲ್ಲಿ ತಂತ್ರಾಂಶದ ಹೆಸರು, ಮನೆಯ ಆವೃತ್ತಿ, ಶಾಲೆಯ ಆವೃತ್ತಿ, ನೋಡಿದ ದಿನಾಂಕ ಎಂದು ನಾಲ್ಕು ಕಲಮುಗಳನ್ನು ಮಾಡಿ ಮಕ್ಕಳಿಂದಲೇ ಬರೆಯಿಸೋಣ. ಪ್ರತಿ ನವೀಕರಣದ ಬಳಿಕ ಹೊಸ ಸಾಲನ್ನು ಸೇರಿಸಲಿ, ಹಳೆಯದನ್ನು ಅಳಿಸಬಾರದು. ತೊಂದರೆ ಯಾವ ಬದಲಾವಣೆಯ ಬಳಿಕ ಆರಂಭವಾಯಿತೆಂದು ಹೇಳುವುದು ಆ ಹಳೆಯ ಸಾಲೇ.

ಆವೃತ್ತಿಗಳು ಹೊಂದದಿದ್ದರೆ ಚಿತ್ರದ ಮೂಲ ಕಡತದೊಡನೆ ಒಂದು ಪಿಎನ್‌ಜಿ ಪ್ರತಿಯನ್ನೂ ಒಯ್ಯಲಿ. ಅದರಲ್ಲಿ ಪದರಗಳು ಉಳಿಯುವುದಿಲ್ಲ, ಆದರೆ ಚಿತ್ರ ತೆರೆಯುತ್ತದೆ. ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಗೆ ಅಭ್ಯಾಸ ಮಾಡುವವರಂತೂ ಶಾಲೆಯಲ್ಲಿರುವ ಆವೃತ್ತಿಯನ್ನು ಶಿಕ್ಷಕರಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳಿತು.