ಶೇಂಗಾ ಹಿಂಡಿಯ ದೂರದ ಬಂಧು

ಪ್ರಶ್ನೆ: ಇಂಡೋನೇಷ್ಯಾದ ‘ಗಾಡೊ-ಗಾಡೊ’ ಎಂಬ ತರಕಾರಿ ಪಚಡಿಗೆ ಶೇಂಗಾ ಗೊಜ್ಜು ಹಾಕುತ್ತಾರಂತೆ. ಸಿಂದಗಿಯಲ್ಲಿ ಕೂತು ಅದನ್ನು ಮಾಡಲಾದೀತೆ?

ಉತ್ತರ: ಖಂಡಿತ ಆದೀತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇರಲೇಬೇಕು. ಆ ಹಿಂಡಿ ಮಾಡುವ ಕೈಗೆ ಇದು ಹೊಸದಲ್ಲ. ನಮ್ಮದು ಒಣ ಪುಡಿ, ಅವರದು ಗಟ್ಟಿ ಗೊಜ್ಜು, ಅಷ್ಟೇ.

ಒಂದು ಬಟ್ಟಲು ಶೇಂಗಾ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಎರಡು ಎಸಳು ಬಳ್ಳೊಳ್ಳಿ, ಎರಡು ಒಣಮೆಣಸಿನಕಾಯಿ, ಉಪ್ಪು ಕೂಡಿಸಿ ಅರೆಯಿರಿ. ಮಿಕ್ಸರ್ ಆದರೂ ನಡೆದೀತು, ಆದರೆ ಒರಳಲ್ಲಿ ಅರೆದರೆ ಹಲ್ಲಿಗೆ ಸಿಗುವ ತರಿ ಉಳಿಯುತ್ತದೆ. ಜಾವಾದಲ್ಲೂ ಕಲ್ಲಿನ ಮೇಲೆ ಅರೆಯುವವರಿದ್ದಾರೆ. ಒಂದು ಬಟ್ಟಲು ನೀರು, ಸ್ವಲ್ಪ ಹುಣಸೆರಸ, ಒಂದು ಚಮಚ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿಡಿ. ಮೊದಲು ನೀರುನೀರಾಗಿ ಕಂಡರೆ ಗಾಬರಿ ಬೇಡ. ಕೈಯಾಡಿಸುತ್ತಿದ್ದಂತೆ ಗಟ್ಟಿಯಾಗಿ, ಅಂಚಿನಲ್ಲಿ ಎಣ್ಣೆ ಹೊಳೆಯತೊಡಗುತ್ತದೆ. ಆಗ ಇಳಿಸಿ. ಅವರು ತಾಳೆಬೆಲ್ಲ ಹಾಕುತ್ತಾರೆ, ಎಷ್ಟೋ ಮನೆಗಳಲ್ಲಿ ಹುದುಗಿಸಿದ ಸೀಗಡಿಯನ್ನೂ. ಸೀಗಡಿ ಬಿಟ್ಟರೂ ರುಚಿ ಕೆಡುವುದಿಲ್ಲ. ಕೊನೆಗೆ ನಿಂಬೆ ಹಿಂಡಿ. ಭೌಗೋಳಿಕ ಸೂಚಿಕೆ ಪಡೆದ ಇಂಡಿ ನಿಂಬೆ ಮನೆ ಬಾಗಿಲಲ್ಲೇ ಇರುವಾಗ ಬೇರೆಯದೇಕೆ?

ಎಲೆಕೋಸು, ಬೀನ್ಸ್ ಎರಡು ಮೂರು ನಿಮಿಷ ಬಿಸಿನೀರಲ್ಲಿ ಬೇಯಲಿ, ಕರುಂ ಅನ್ನುವಂತಿರಬೇಕು. ಬೇಯಿಸಿದ ಆಲೂಗಡ್ಡೆ, ಮೊಳಕೆ ಹೆಸರು, ಹಸಿ ಸವತಿಕಾಯಿ ಸೇರಿಸಿ. ತಿನ್ನುವವರಿಗೆ ಮೊಟ್ಟೆ, ಉಳಿದವರಿಗೆ ಪನೀರ್. ಗೊಜ್ಜನ್ನು ಉಣ್ಣುವ ಹೊತ್ತಿಗೆ ಸುರಿದು, ಮೇಲೆ ಹಪ್ಪಳ ಪುಡಿಮಾಡಿ ಉದುರಿಸಿ.