ದೂರದರ್ಶನದ ಕಂತುಗಳನ್ನು ಉಲ್ಲೇಖಿಸುವ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆಯ ವಿದ್ಯಾರ್ಥಿಗಳು ತಮ್ಮ ನಾಡಿನ ಚರಿತ್ರೆಯನ್ನು ಕುರಿತು ಬರೆಯುವ ಪ್ರಬಂಧಗಳಲ್ಲಿ ಈಚೆಗೆ ಒಂದು ಬಗೆಯ ಅಡಿಟಿಪ್ಪಣಿ ಕಾಣಬರುತ್ತಿದೆ: “ಇದನ್ನು ಟೆಲಿವಿಷನ್ನಿನಲ್ಲಿ ತೋರಿಸಿದ್ದಾರೆ.” ಗ್ರಂಥವನ್ನು ಉಲ್ಲೇಖಿಸುವಾಗ ಕರ್ತೃ, ವರ್ಷ, ಪುಟಸಂಖ್ಯೆಗಳನ್ನು ತಪ್ಪದೆ ಕೊಡುವವರೂ ಇಲ್ಲಿ ಇಷ್ಟಕ್ಕೇ ತೃಪ್ತರಾಗುತ್ತಾರೆ. ದೃಶ್ಯವು ಆಧಾರವಾಗಲಾರದೆಂದಲ್ಲ, ಓದುಗನು ಹುಡುಕಿ ಪರೀಕ್ಷಿಸಲಾಗದ ಆಧಾರವು ವದಂತಿಗಿಂತ ಮೇಲಲ್ಲ.

ನೆರೆಯ ನಿದರ್ಶನವೊಂದನ್ನು ನೋಡಬಹುದು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ಸರಣಿಯ ಬಹುಭಾಗವು ಶೃಂಗೇರಿಯ ಆಚೆಗಿರುವ ಆಗುಂಬೆಯಲ್ಲಿ ಚಿತ್ರಿತವಾಯಿತು. ಮಲೆನಾಡಿನ ಮನೆ, ಜಗಲಿ, ಬೀದಿಗಳನ್ನು ಕುರಿತು ಬರೆಯುವವನಿಗೆ ಅದು ಉಪಯುಕ್ತ ಸಾಮಗ್ರಿಯೇ ಸರಿ. ಆದರೆ “‘ಮಾಲ್ಗುಡಿ ಡೇಸ್’ ನೋಡಿ” ಎಂದರೆ ಯಾವುದನ್ನು ನೋಡಬೇಕು? ಸರಣಿಯಲ್ಲಿ 54 ಕಂತುಗಳಿವೆ. ಅವುಗಳಲ್ಲಿ 1980ರ ದಶಕದ 39 ಕಂತುಗಳನ್ನು ಶಂಕರ್ ನಾಗ್ ಅವರೂ 2006ರ 15 ಕಂತುಗಳನ್ನು ಕವಿತಾ ಲಂಕೇಶ್ ಅವರೂ ನಿರ್ದೇಶಿಸಿದರು. ಸರಣಿಯ ಹೆಸರಷ್ಟನ್ನೇ ಬರೆದಲ್ಲಿ ನಿರ್ದೇಶಕರು ಯಾರೆಂಬುದೂ ಕಾಲ ಯಾವುದೆಂಬುದೂ ತಿಳಿಯದು.

ಆದುದರಿಂದ ಕಂತಿನ ಹೆಸರು, ಸರಣಿಯ ಹೆಸರು, ಕಂತಿನ ಸಂಖ್ಯೆ, ಕಥಾಲೇಖಕ ಹಾಗೂ ನಿರ್ದೇಶಕರ ಹೆಸರು, ವಾಹಿನಿ, ಮೊದಲ ಪ್ರಸಾರದ ದಿನಾಂಕ ಇವಿಷ್ಟನ್ನೂ ಕೊಡಬೇಕು. ಅಮೆರಿಕದ ಆಧುನಿಕ ಭಾಷಾ ಸಂಘದ ಪದ್ಧತಿಯಲ್ಲಿ ಕಂತಿನ ಹೆಸರು ಮೊದಲು ಬರುತ್ತದೆ. ಅಲ್ಲಿನ ಮನೋವಿಜ್ಞಾನ ಸಂಘದ ಪದ್ಧತಿಯಲ್ಲಿ ಲೇಖಕ, ನಿರ್ದೇಶಕರ ಹೆಸರು ಮೊದಲು. ಯಾವುದನ್ನು ಅನುಸರಿಸಿದರೂ ಪ್ರಬಂಧದ ಉದ್ದಕ್ಕೂ ಒಂದನ್ನೇ ಅನುಸರಿಸತಕ್ಕದ್ದು. ಪುಟಸಂಖ್ಯೆಯ ಸ್ಥಾನದಲ್ಲಿ ದೃಶ್ಯ ಬರುವ ನಿಮಿಷ, ಸೆಕೆಂಡುಗಳನ್ನು ನಮೂದಿಸಬೇಕು. ಮರುಪ್ರಸಾರದಲ್ಲಿಯೋ ಅಂತರಜಾಲದಲ್ಲಿಯೋ ನೋಡಿದ್ದರೆ ಅದನ್ನೂ ಹೇಳಬೇಕು. ಮರುಪ್ರಸಾರದ ಪ್ರತಿಯಲ್ಲಿ ಕೆಲವು ಭಾಗಗಳು ಕತ್ತರಿಸಲ್ಪಟ್ಟಿರುವುದುಂಟು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ ಕಂತು ಯಾವುದಕ್ಕೆ ಸಾಕ್ಷಿ? ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದುದು 1935ರಲ್ಲಿ. ತೆರೆಯ ಮೇಲೆ ಸ್ವಾಮಿ ಓಡಾಡುವ ಬೀದಿಯಾದರೋ, ಜಾನ್ ದೇವರಾಜ್ ಅವರ ಕಲಾನಿರ್ದೇಶನದಲ್ಲಿ ಕಥೆಗೆ ತಕ್ಕಂತೆ ಸಜ್ಜುಗೊಂಡ 1980ರ ದಶಕದ ಬೀದಿ. ಅದರಿಂದ 1930ರ ದಶಕದ ಮಲೆನಾಡನ್ನು ಅರಿಯಹೊರಟರೆ ಮೋಸಹೋಗುವೆವು. ಚಿತ್ರೀಕರಣದ ವರ್ಷವೂ ಕಥೆಯ ಕಾಲವೂ ಬೇರೆಬೇರೆಯೆಂಬುದನ್ನು ಟಿಪ್ಪಣಿಯು ಸ್ಪಷ್ಟಪಡಿಸಬೇಕು.

ನಮ್ಮ ಕಾಫಿಯ ವಿಷಯದಲ್ಲೂ ಇದೇ ಎಚ್ಚರ ಅವಶ್ಯ. ಬಾಬಾಬುಡನ್ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದರೆಂಬ ಐತಿಹ್ಯವನ್ನು ಯಾವುದೋ ಕಾರ್ಯಕ್ರಮದಲ್ಲಿ ಗಂಭೀರ ಧ್ವನಿಯಲ್ಲಿ ಹೇಳಿದ ಮಾತ್ರಕ್ಕೆ ಅದು ದಾಖಲೆಯಾಗದು. ಕಂತಿನ ಉಲ್ಲೇಖವು “ಹೀಗೆ ಹೇಳಲಾಯಿತು” ಎಂಬುದನ್ನಷ್ಟೇ ಸ್ಥಾಪಿಸುತ್ತದೆ. ಹಾಗೆ ನಡೆಯಿತೇ ಎಂಬುದಕ್ಕೆ ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರಿನಂತಹ ಹಳೆಯ ಬರವಣಿಗೆಗಳತ್ತ ತಿರುಗಬೇಕು. ಅವು ಸಹ ಐತಿಹ್ಯವನ್ನೇ ಹೇಳುತ್ತಿವೆಯೋ ದಾಖಲೆಯನ್ನು ಕೊಡುತ್ತಿವೆಯೋ ಎಂದು ತೂಗಿನೋಡಬೇಕು.

ತೋಟದ ಹಿರಿಯ ಕೆಲಸಗಾರರೊಬ್ಬರು ಕಾರ್ಯಕ್ರಮವೊಂದರಲ್ಲಿ ತಮ್ಮ ಬಾಳನ್ನು ಕುರಿತು ಹೇಳಿರುವ ಮಾತು ಬೇರೆಲ್ಲಿಯೂ ಬರಹಕ್ಕೆ ಇಳಿಯದೆ ಇರಬಹುದು. ಅಂತಹ ಮಾತಿಗೆ ಚರಿತ್ರೆಯಲ್ಲಿ ಸ್ಥಾನ ದೊರಕಬೇಕಾದರೆ, ಅದನ್ನು ಕೇಳಿದ ವಿದ್ಯಾರ್ಥಿಯು ಕಂತು, ದಿನಾಂಕ, ನಿಮಿಷಗಳನ್ನು ಆಗಲೇ ಗುರುತುಹಾಕಿಕೊಂಡಿರಬೇಕು. ಇದು ಕೇವಲ ಬರವಣಿಗೆಯ ಶಿಸ್ತಲ್ಲ, ಮಾತಾಡಿದವರಿಗೆ ನಾವು ಸಲ್ಲಿಸಬೇಕಾದ ಋಣ.